ಕಿರಣ ಛೇದನ ಲೆಕ್ಕಾಚಾರಗಳಿಗೆ ಸೂಕ್ತ ಯಂತ್ರಾಂಶದ ಆಯ್ಕೆ: ಅರ್ಜಿದಾರರಿಗೆ ಮಾಹಿತಿ

ಕಟ್ಟಡಗಳ ನೆರಳಿನ ಅಧ್ಯಯನ, ಚಾವಣಿಯ ಮೇಲಿನ ಸೌರ ಫಲಕಗಳ ವಿನ್ಯಾಸ, ವಾಸ್ತುಶಿಲ್ಪದ ಮೂರು ಆಯಾಮದ ಚಿತ್ರಗಳ ತಯಾರಿಕೆ, ಅನಿಮೇಷನ್, ಮಸೂರಗಳ ವಿನ್ಯಾಸ ಮುಂತಾದ ಕೆಲಸಗಳಿಗಾಗಿ ಗಣಕಯಂತ್ರ ಹಾಗೂ ಗ್ರಾಫಿಕ್ಸ್ ಕಾರ್ಡ್ ಖರೀದಿಸಲು ಉದ್ದೇಶಿಸಿರುವ ಸಾರ್ವಜನಿಕರ ತಿಳಿವಳಿಕೆಗಾಗಿ ಈ ಪುಟವನ್ನು ಸಿದ್ಧಪಡಿಸಲಾಗಿದೆ. ಸಾಲ ಅಥವಾ ಸಹಾಯಧನ ಕೋರಿ ಸಲ್ಲಿಸುವ ಅರ್ಜಿಯೊಂದಿಗೆ ಯಂತ್ರೋಪಕರಣಗಳ ದರಪಟ್ಟಿಯನ್ನು ಲಗತ್ತಿಸುವವರು ಇದನ್ನು ಓದಿಕೊಂಡ ನಂತರ ಮಾರಾಟಗಾರರನ್ನು ಸಂಪರ್ಕಿಸುವುದು ಸೂಕ್ತ.

ದರಪಟ್ಟಿಯಲ್ಲಿ ಅತಿ ಹೆಚ್ಚು ಬೆಲೆಯ ಕಾರ್ಡನ್ನು ನಮೂದಿಸಿದರೆ ಕೆಲಸವೂ ಅತಿ ಶೀಘ್ರವಾಗಿ ನಡೆಯುವುದೆಂಬ ಭಾವನೆ ಸಾಮಾನ್ಯವಾಗಿದೆ. ಈ ವಿಷಯದಲ್ಲಿ ಅದು ಅನೇಕ ವೇಳೆ ತಪ್ಪು ಎಂಬುದನ್ನು ಮುಂದೆ ವಿವರಿಸಲಾಗಿದೆ. ಕಾರ್ಡು ಕೆಲಸಕ್ಕೆ ಬಾರದೆ ಹೋದರೂ ಸಾಲದ ಕಂತು ನಿಲ್ಲುವುದಿಲ್ಲವಾದ್ದರಿಂದ, ಹಣ ಪಾವತಿಸುವ ಮೊದಲೇ ಲೆಕ್ಕ ಹಾಕುವುದು ಅರ್ಜಿದಾರರ ಹಿತದೃಷ್ಟಿಯಿಂದ ಅವಶ್ಯ. ಇಲ್ಲಿ ಬರುವ ತಯಾರಿಕಾ ಸಂಸ್ಥೆಗಳ ಹಾಗೂ ಕಾರ್ಡುಗಳ ಹೆಸರುಗಳು ಉದಾಹರಣೆಗೆ ಮಾತ್ರ. ಯಾವುದೇ ಉತ್ಪನ್ನವನ್ನು ಶಿಫಾರಸು ಮಾಡಿರುವುದಿಲ್ಲ.

ಕಿರಣ ಛೇದನ ಎಂದರೇನು?

ಗಣಕಯಂತ್ರದಲ್ಲಿ ಕಟ್ಟಡ, ಮರ, ಪಾತ್ರೆ, ಮುಖ ಮುಂತಾದ ಯಾವುದೇ ಆಕೃತಿಯನ್ನು ಸಾಮಾನ್ಯವಾಗಿ ಸಣ್ಣ ಸಣ್ಣ ತ್ರಿಭುಜಗಳ ಜಾಲವಾಗಿ ದಾಖಲಿಸಲಾಗುತ್ತದೆ. ಒಂದು ಬಿಂದುವಿನಿಂದ ಒಂದು ದಿಕ್ಕಿಗೆ ಹೊರಟ ಸರಳ ರೇಖೆಯೇ ಕಿರಣ. ಸದರಿ ಕಿರಣವು ಮೊಟ್ಟಮೊದಲು ಯಾವ ತ್ರಿಭುಜವನ್ನು, ಎಷ್ಟು ದೂರದಲ್ಲಿ ತಾಕುತ್ತದೆ ಎಂಬುದನ್ನು ಕಂಡುಹಿಡಿಯುವುದೇ ಛೇದನದ ಲೆಕ್ಕಾಚಾರ. ಚಿತ್ರ ರಚನೆಯಲ್ಲಿ ಕಿರಣವು ಕಣ್ಣಿನಿಂದ ಹೊರಡುತ್ತದೆ. ನೆರಳಿನ ಅಧ್ಯಯನದಲ್ಲಿ ಚಾವಣಿಯ ಬಿಂದುವಿನಿಂದ ಸೂರ್ಯನತ್ತ ಹೊರಡುತ್ತದೆ. ಲೆಕ್ಕ ಮಾತ್ರ ಎರಡರಲ್ಲೂ ಒಂದೇ. ಆರ್ಥರ್ ಅಪ್ಪೆಲ್ ಅವರು 1968ರಲ್ಲಿ ಚಿತ್ರಗಳ ಛಾಯೆಯನ್ನು ಗುರುತಿಸಲು ಈ ವಿಧಾನವನ್ನು ಬಳಸಿದರು. ಟರ್ನರ್ ವಿಟೆಡ್ ಅವರು 1980ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಪ್ರತಿಫಲನ ಹಾಗೂ ವಕ್ರೀಭವನಗಳಿಗೂ ಅದನ್ನು ವಿಸ್ತರಿಸಿದರು. ಒಂದು ಕಿರಣ ಹಾಗೂ ಒಂದು ತ್ರಿಭುಜದ ಛೇದನಕ್ಕೆ ಇಂದು ವ್ಯಾಪಕವಾಗಿ ಬಳಕೆಯಲ್ಲಿರುವ ಸೂತ್ರವನ್ನು ಮೊಲ್ಲರ್ ಮತ್ತು ಟ್ರಂಬೋರ್ ಅವರು 1997ರಲ್ಲಿ ಪ್ರಕಟಿಸಿದರು.

ಸೂತ್ರ ಚಿಕ್ಕದು, ಸಂಖ್ಯೆ ದೊಡ್ಡದು. 1920 ಅಡ್ಡ ಮತ್ತು 1080 ಉದ್ದದ ಒಂದು ಚಿತ್ರದಲ್ಲಿ 20,73,600 ಬಿಂದುಗಳಿರುತ್ತವೆ. ಬಿಂದುವಿಗೆ ಒಂದೇ ಕಿರಣವೆಂದರೂ, 10 ಲಕ್ಷ ತ್ರಿಭುಜಗಳಿರುವ ದೃಶ್ಯದಲ್ಲಿ ಪ್ರತಿ ಕಿರಣವನ್ನು ಪ್ರತಿ ತ್ರಿಭುಜದೊಂದಿಗೆ ತಾಳೆ ನೋಡಲು 2 ಲಕ್ಷ ಕೋಟಿಗೂ ಮೀರಿ ಪರೀಕ್ಷೆಗಳು ಬೇಕಾಗುತ್ತವೆ. ಆದಕಾರಣ ಯಾರೂ ಹಾಗೆ ಮಾಡುವುದಿಲ್ಲ.

ಪಹಣಿ ಹುಡುಕುವ ಕ್ರಮ

ಭೂಮಿ ತಂತ್ರಾಂಶದಲ್ಲಿ ಪಹಣಿ ಪಡೆಯುವಾಗ ಸಾರ್ವಜನಿಕರು ಮೊದಲು ಜಿಲ್ಲೆ, ಅನಂತರ ತಾಲ್ಲೂಕು, ಹೋಬಳಿ, ಗ್ರಾಮ, ಕೊನೆಗೆ ಸರ್ವೆ ನಂಬರನ್ನು ಆಯ್ಕೆ ಮಾಡುವುದು ಎಲ್ಲರಿಗೂ ತಿಳಿದ ವಿಷಯ. ಇಡೀ ರಾಜ್ಯದ ಪಹಣಿಗಳನ್ನು ಒಂದೊಂದಾಗಿ ತಿರುವಿ ಹಾಕುವ ಪ್ರಮೇಯ ಬರುವುದಿಲ್ಲ. ತ್ರಿಭುಜಗಳಿಗೂ ಇದೇ ಕ್ರಮವನ್ನು ಅನುಸರಿಸಲಾಗುತ್ತದೆ. ಹತ್ತಿರದ ತ್ರಿಭುಜಗಳನ್ನು ಒಂದು ಕಾಲ್ಪನಿಕ ಪೆಟ್ಟಿಗೆಯೊಳಗೆ, ಅಂತಹ ಕೆಲವು ಪೆಟ್ಟಿಗೆಗಳನ್ನು ಅದಕ್ಕಿಂತ ದೊಡ್ಡ ಪೆಟ್ಟಿಗೆಯೊಳಗೆ ಸೇರಿಸುತ್ತಾ ಹೋಗಿ, ಕೊನೆಗೆ ಇಡೀ ದೃಶ್ಯವನ್ನು ಒಂದೇ ಪೆಟ್ಟಿಗೆಯಲ್ಲಿ ಅಡಕಗೊಳಿಸಲಾಗುತ್ತದೆ. ಕಿರಣವು ತಾಕದ ಪೆಟ್ಟಿಗೆಯನ್ನು ತೆರೆಯುವ ಅಗತ್ಯವೇ ಇಲ್ಲ. ಈ ಪೆಟ್ಟಿಗೆಗಳ ಮರವನ್ನು ತಾಂತ್ರಿಕ ಭಾಷೆಯಲ್ಲಿ ಬಿವಿಎಚ್ ಎನ್ನುತ್ತಾರೆ. ಪ್ರತಿ ಹಂತದಲ್ಲೂ ಎರಡಾಗಿ ಕವಲೊಡೆಯುವ ಮರವಾದರೆ 20 ಹಂತಗಳಲ್ಲಿ 10 ಲಕ್ಷಕ್ಕೂ ಮಿಗಿಲಾದ ತ್ರಿಭುಜಗಳನ್ನು ವಿಂಗಡಿಸಬಹುದು.

ಒಂದು ವ್ಯತ್ಯಾಸವಿದೆ. ಪೆಟ್ಟಿಗೆಗಳು ಒಂದರೊಳಗೊಂದು ಚಾಚಿಕೊಂಡಿರಬಹುದಾದ್ದರಿಂದ ಕಿರಣವೊಂದು ಎರಡು ಮೂರು ಕವಲುಗಳಲ್ಲಿ ಇಳಿದು ನೋಡಬೇಕಾಗುತ್ತದೆ. ಹೀಗೆ ಇಳಿಯುವಾಗ ಪ್ರತಿ ಹೆಜ್ಜೆಗೂ ಸ್ಮರಣೆಯಿಂದ, ಅಂದರೆ ಮೆಮೊರಿಯಿಂದ, ಹೊಸ ಪೆಟ್ಟಿಗೆಯ ವಿವರವನ್ನು ತರಿಸಬೇಕು. ಲೆಕ್ಕ ಮಾಡಲು ಹಿಡಿಯುವ ಸಮಯಕ್ಕಿಂತ ವಿವರ ಬರುವವರೆಗೆ ಕಾಯುವ ಸಮಯವೇ ಹೆಚ್ಚಾಗುವುದುಂಟು. ಕಡತಕ್ಕಾಗಿ ಕಾಯುವ ಗುಮಾಸ್ತನ ಪರಿಸ್ಥಿತಿಯೇ ಇಲ್ಲಿಯೂ ಎಂದರೆ ತಪ್ಪಾಗಲಾರದು.

ಲಭ್ಯವಿರುವ ಯಂತ್ರಾಂಶಗಳು

ಮೊದಲನೆಯದು ಸಾಮಾನ್ಯ ಸಿಪಿಯು. ಇಂಟೆಲ್ ಸಂಸ್ಥೆಯು 2011ರಲ್ಲಿ ಬಿಡುಗಡೆ ಮಾಡಿದ ಎಂಬ್ರೀ ಎಂಬ ಉಚಿತ ಹಾಗೂ ಮುಕ್ತ ತಂತ್ರಾಂಶವು ಪೆಟ್ಟಿಗೆಗಳ ಮರವನ್ನು ಕಟ್ಟಿ ಛೇದನಗಳನ್ನು ಲೆಕ್ಕ ಹಾಕಿಕೊಡುತ್ತದೆ. ಮಧ್ಯಮ ಗಾತ್ರದ ಮಾದರಿಗಳಲ್ಲಿ ಇಂದಿನ ಮೇಜಿನ ಗಣಕಯಂತ್ರವೊಂದು ಇದರ ನೆರವಿನಿಂದ ಸೆಕೆಂಡಿಗೆ ಕೋಟಿಗಟ್ಟಲೆ ಕಿರಣಗಳನ್ನು ಪರೀಕ್ಷಿಸಬಲ್ಲದು. ಎರಡನೆಯದು ಛೇದನಕ್ಕೆಂದೇ ಪ್ರತ್ಯೇಕ ಘಟಕವಿಲ್ಲದ ಗ್ರಾಫಿಕ್ಸ್ ಕಾರ್ಡ್. ಸಾವಿರಾರು ಸಣ್ಣ ಲೆಕ್ಕ ಘಟಕಗಳು ಏಕಕಾಲದಲ್ಲಿ ಕೆಲಸ ಮಾಡುವುದರಿಂದ ಅದೂ ವೇಗವಾಗಿರುತ್ತದೆ.

ಮೂರನೆಯದು ಪ್ರತ್ಯೇಕ ಛೇದನ ಘಟಕವಿರುವ ಕಾರ್ಡ್. ಎನ್‌ವಿಡಿಯಾ ಸಂಸ್ಥೆಯು 2018ರಲ್ಲಿ ಜಿಫೋರ್ಸ್ ಆರ್‌ಟಿಎಕ್ಸ್ 20 ಸರಣಿಯಲ್ಲಿ, ಎಎಂಡಿ ಸಂಸ್ಥೆಯು 2020ರಲ್ಲಿ ರೇಡಿಯಾನ್ ಆರ್‌ಎಕ್ಸ್ 6000 ಸರಣಿಯಲ್ಲಿ, ಇಂಟೆಲ್ ಸಂಸ್ಥೆಯು 2022ರಲ್ಲಿ ಆರ್ಕ್ ಸರಣಿಯಲ್ಲಿ, ಆಪಲ್ ಸಂಸ್ಥೆಯು 2023ರಲ್ಲಿ ಎಂ3 ಚಿಪ್‌ಗಳಲ್ಲಿ ಇಂತಹ ಘಟಕಗಳನ್ನು ಒದಗಿಸಿದವು. ಇವೆಲ್ಲವೂ ಒಂದೇ ತೆರನಾಗಿರುವುದಿಲ್ಲ. ಎನ್‌ವಿಡಿಯಾ ಕಾರ್ಡುಗಳಲ್ಲಿ ಮರವನ್ನು ಇಳಿಯುವ ಕೆಲಸ ಹಾಗೂ ಛೇದನದ ಪರೀಕ್ಷೆ ಎರಡನ್ನೂ ಸದರಿ ಘಟಕವೇ ಮಾಡಿದರೆ, ಎಎಂಡಿಯ 6000 ಸರಣಿಯಲ್ಲಿ ಘಟಕವು ಪರೀಕ್ಷೆಯನ್ನಷ್ಟೇ ಮಾಡಿ, ಮುಂದೆ ಯಾವ ಪೆಟ್ಟಿಗೆಗೆ ಇಳಿಯಬೇಕೆಂಬ ನಿರ್ಧಾರವನ್ನು ಸಾಮಾನ್ಯ ಲೆಕ್ಕ ಘಟಕಗಳಿಗೆ ಬಿಡುತ್ತದೆ. ಆದ್ದರಿಂದ ಘಟಕ ಇದೆ ಅಥವಾ ಇಲ್ಲ ಎಂಬ ಒಂದು ಪದದ ಉತ್ತರವನ್ನು ನಂಬಿ ಎರಡು ಕಾರ್ಡುಗಳನ್ನು ಸರಿಸಮವೆಂದು ಭಾವಿಸತಕ್ಕದ್ದಲ್ಲ.

ವಿಶೇಷ ಸೂಚನೆ

ಎನ್‌ವಿಡಿಯಾ ಸಂಸ್ಥೆಯ ವಿ100, ಎ100 ಹಾಗೂ ಎಚ್100 ಕಾರ್ಡುಗಳು ದತ್ತಾಂಶ ಕೇಂದ್ರಗಳಿಗಾಗಿ ತಯಾರಾದ ಅತಿ ದುಬಾರಿ ಕಾರ್ಡುಗಳು. ಇವುಗಳಲ್ಲಿ ಕಿರಣ ಛೇದನದ ಘಟಕವೇ ಇರುವುದಿಲ್ಲ. ಇವುಗಳ ಉದ್ದೇಶ ಕೃತಕ ಬುದ್ಧಿಮತ್ತೆ ಹಾಗೂ ವೈಜ್ಞಾನಿಕ ಗಣನೆ. ಇದೇ ಸಂಸ್ಥೆಯ ಟಿ4 ಎಂಬ 70 ವ್ಯಾಟ್‌ನ ಪುಟ್ಟ ಕಾರ್ಡಿನಲ್ಲಿ, ಎ40 ಹಾಗೂ ಎಲ್40ಎಸ್ ಕಾರ್ಡುಗಳಲ್ಲಿ, ಸಾಮಾನ್ಯ ಬಳಕೆಯ ಆರ್‌ಟಿಎಕ್ಸ್ 3060ರಲ್ಲಿಯೂ ಸದರಿ ಘಟಕಗಳಿವೆ. ಬೆಲೆಯನ್ನು ನೋಡಿ ಆಯ್ಕೆ ಮಾಡುವವರು ಎಡವುವುದು ಇಲ್ಲಿಯೇ. ಬಾಡಿಗೆಗೆ ಪಡೆಯುವವರಿಗೂ ಈ ಸೂಚನೆ ಅನ್ವಯಿಸುತ್ತದೆ.

ಮೊದಲು ಕಿರಣಗಳನ್ನು ಎಣಿಸಿ

ಕಾರ್ಡ್ ಬೇಕೇ ಬೇಡವೇ ಎಂಬ ಪ್ರಶ್ನೆಗೆ ಕಿರಣಗಳ ಸಂಖ್ಯೆಯೇ ಬಹುಮಟ್ಟಿಗೆ ಉತ್ತರ ನೀಡುತ್ತದೆ. ಅಂದಾಜುಪಟ್ಟಿ ತಯಾರಿಸಬಲ್ಲ ಯಾರು ಬೇಕಾದರೂ ಈ ಲೆಕ್ಕವನ್ನು ಮಾಡಬಹುದು.

ಒಂದು ಮನೆಯ ಚಾವಣಿಯಲ್ಲಿ 500 ಬಿಂದುಗಳನ್ನು ಗುರುತಿಸಿ, ವರ್ಷದ ಸುಮಾರು 4,380 ಹಗಲಿನ ಗಂಟೆಗಳಲ್ಲಿ ಪ್ರತಿ ಗಂಟೆಗೊಮ್ಮೆ ಪಕ್ಕದ ಕಟ್ಟಡದ ನೆರಳು ಬೀಳುತ್ತದೆಯೇ ಎಂದು ಪರೀಕ್ಷಿಸಬೇಕೆಂದಿಟ್ಟುಕೊಳ್ಳೋಣ. ಒಟ್ಟು ಕಿರಣಗಳು 21,90,000. ಸೆಕೆಂಡಿಗೆ 1 ಕೋಟಿ ಕಿರಣಗಳ ಸಾಧಾರಣ ವೇಗದಲ್ಲಿ ಈ ಕೆಲಸಕ್ಕೆ ಕಾಲು ಸೆಕೆಂಡೂ ಬೇಡ. ಪಟ್ಟಣವೊಂದರ 5,000 ಮನೆಗಳಿಗೆ ಇದೇ ಅಧ್ಯಯನ ನಡೆಸಿದರೆ 1,095 ಕೋಟಿ ಕಿರಣಗಳಾಗುತ್ತವೆ. ಅದೇ ವೇಗದಲ್ಲಿ ಸುಮಾರು 18 ನಿಮಿಷ. ಇಷ್ಟಕ್ಕಾಗಿ ಪ್ರತ್ಯೇಕ ಕಾರ್ಡನ್ನು ಸಾಲ ಮಾಡಿ ಖರೀದಿಸುವುದು ದಂಡದ ಖರ್ಚು. ಈಗಿರುವ ಗಣಕಯಂತ್ರದಲ್ಲಿಯೇ ತಕ್ಕ ತಂತ್ರಾಂಶವನ್ನು ಅಳವಡಿಸಿಕೊಂಡರೆ ಸಾಕು. ಇಂತಹ ಕೆಲಸವು ಗಂಟೆಗಟ್ಟಲೆ ಹಿಡಿಯುತ್ತಿದ್ದಲ್ಲಿ, ತಂತ್ರಾಂಶವು ಪೆಟ್ಟಿಗೆಗಳ ಮರವನ್ನು ಬಳಸದೆ ಎಲ್ಲ ತ್ರಿಭುಜಗಳನ್ನೂ ತಡಕುತ್ತಿರುವ ಸಾಧ್ಯತೆಯನ್ನು ಮೊದಲು ಪರಿಶೀಲಿಸತಕ್ಕದ್ದು.

ಅನಿಮೇಷನ್ ಲೆಕ್ಕವೇ ಬೇರೆ. ಮೇಲೆ ಹೇಳಿದ ಗಾತ್ರದ ಚಿತ್ರದಲ್ಲಿ ಬಿಂದುವೊಂದಕ್ಕೆ 500 ಮಾದರಿಗಳು, ಪ್ರತಿ ಮಾದರಿಗೆ ಪ್ರತಿಫಲನ ಹಾಗೂ ನೆರಳು ಸೇರಿ 6 ಕಿರಣಗಳು ಎಂದರೆ, ಒಂದು ಚಿತ್ರಕ್ಕೆ 622 ಕೋಟಿ ಕಿರಣಗಳು. ಸೆಕೆಂಡಿಗೆ 24 ಚಿತ್ರಗಳಂತೆ 10 ಸೆಕೆಂಡಿನ ದೃಶ್ಯಕ್ಕೆ 240 ಚಿತ್ರಗಳು. ಒಟ್ಟು ಸುಮಾರು 1 ಲಕ್ಷ 49 ಸಾವಿರ ಕೋಟಿ ಕಿರಣಗಳು. ಸೆಕೆಂಡಿಗೆ 1 ಕೋಟಿಯಂತೆ ಛೇದನಕ್ಕೇ 41 ಗಂಟೆಗೂ ಹೆಚ್ಚು ಸಮಯ ಬೇಕು. ಹತ್ತು ಪಟ್ಟು ವೇಗದ ಕಾರ್ಡಿದ್ದರೆ ನಾಲ್ಕು ಗಂಟೆಯ ಆಸುಪಾಸಿನಲ್ಲಿ ಮುಗಿಯುತ್ತದೆ. ಗ್ರಾಹಕರು ಮರುದಿನವೇ ತಿದ್ದುಪಡಿ ಕೇಳುವ ವ್ಯವಹಾರದಲ್ಲಿ ಈ ವ್ಯತ್ಯಾಸವೇ ಲಾಭ ನಷ್ಟಗಳನ್ನು ನಿರ್ಧರಿಸುತ್ತದೆ.

ತಯಾರಕರು ಪ್ರಕಟಿಸುವ ಅಂಕಿಗಳನ್ನು ಈ ಲೆಕ್ಕದಲ್ಲಿ ನೇರವಾಗಿ ಬಳಸಬಾರದು. ಉದಾಹರಣೆಗೆ, 2018ರಲ್ಲಿ ಆರ್‌ಟಿಎಕ್ಸ್ 2080 ಟಿಐ ಕಾರ್ಡಿಗೆ ಸೆಕೆಂಡಿಗೆ 1,000 ಕೋಟಿ ಕಿರಣಗಳ ಸಾಮರ್ಥ್ಯವಿದೆಯೆಂದು ಪ್ರಚಾರ ಮಾಡಲಾಗಿತ್ತು. ಕಣ್ಣಿನಿಂದ ಹೊರಡುವ ಮೊದಲ ಕಿರಣಗಳು ಅಕ್ಕಪಕ್ಕದಲ್ಲಿ ಒಂದೇ ದಿಕ್ಕಿಗೆ ಸಾಗುವುದರಿಂದ ಒಂದೇ ಪೆಟ್ಟಿಗೆಗಳನ್ನು ಕೇಳುತ್ತವೆ. ಗೋಡೆಗೆ ತಾಗಿ ಚದುರಿದ ಕಿರಣಗಳಾದರೋ ದಿಕ್ಕಾಪಾಲಾಗಿ ಬೇರೆ ಬೇರೆ ಪೆಟ್ಟಿಗೆಗಳನ್ನು ಕೇಳುತ್ತವೆ. ಆಗ ಸ್ಮರಣೆಗಾಗಿ ಕಾಯುವ ಸಮಯ ಹೆಚ್ಚಿ, ಪ್ರಕಟಿತ ವೇಗವು ಕೈಗೆ ಸಿಗುವುದಿಲ್ಲ.

ಒಟ್ಟು ಸಮಯದಲ್ಲಿ ಛೇದನದ ಪಾಲು

ವಿಟೆಡ್ ಅವರ 1980ರ ಲೇಖನದಲ್ಲಿ ಸರಳ ದೃಶ್ಯಗಳಲ್ಲಿ ಶೇ. 75ರಷ್ಟು, ಸಂಕೀರ್ಣ ದೃಶ್ಯಗಳಲ್ಲಿ ಶೇ. 95ಕ್ಕೂ ಹೆಚ್ಚು ಸಮಯ ಛೇದನಕ್ಕೇ ವ್ಯಯವಾಗುತ್ತಿತ್ತೆಂದು ದಾಖಲಾಗಿದೆ. ಇಂದು ಹಾಗಿರಬೇಕೆಂದೇನೂ ಇಲ್ಲ. ಮೇಲ್ಮೈಯ ಬಣ್ಣ, ಒರಟುತನ, ಬೆಳಕಿನ ಮೂಲಗಳು ಇತ್ಯಾದಿಗಳ ಲೆಕ್ಕವೂ ದೊಡ್ಡದಾಗಿ ಬೆಳೆದಿದೆ. ಛೇದನ ಘಟಕವು ಈ ಭಾಗಕ್ಕೆ ಏನನ್ನೂ ಮಾಡುವುದಿಲ್ಲ.

ಒಟ್ಟು 100 ನಿಮಿಷ ಹಿಡಿಯುವ ಕೆಲಸದಲ್ಲಿ ಛೇದನದ ಪಾಲು 60 ನಿಮಿಷವಿದ್ದು, ಅದು ಹತ್ತು ಪಟ್ಟು ವೇಗವಾದರೆ 6 ನಿಮಿಷವಾಗುತ್ತದೆ. ಉಳಿದ 40 ನಿಮಿಷ ಹಾಗೆಯೇ ಇರುತ್ತದೆ. ಒಟ್ಟು 46 ನಿಮಿಷ. ಹತ್ತು ಪಟ್ಟು ಎಂದು ನಂಬಿ ಹಣ ಕೊಟ್ಟವರಿಗೆ ದೊರೆತದ್ದು ಎರಡು ಪಟ್ಟಿಗಿಂತ ತುಸು ಹೆಚ್ಚು. ಘಟಕವು ಎಷ್ಟೇ ಶರವೇಗದ್ದಾದರೂ 40 ನಿಮಿಷಕ್ಕಿಂತ ಕೆಳಗೆ ಇಳಿಯಲು ಸಾಧ್ಯವಿಲ್ಲ. ಛೇದನದ ಪಾಲು 90 ನಿಮಿಷವಾಗಿದ್ದಲ್ಲಿ ಅದೇ ಕಾರ್ಡಿನಿಂದ ಒಟ್ಟು ಸಮಯ 19 ನಿಮಿಷಕ್ಕೆ ಇಳಿಯುತ್ತಿತ್ತು. ಆದ್ದರಿಂದ ತಮ್ಮ ಕೆಲಸದಲ್ಲಿ ಈ ಪಾಲು ಎಷ್ಟೆಂಬುದನ್ನು ತಿಳಿಯದೆ ಮಾಡಿದ ಆಯ್ಕೆಯು ಊಹೆಯ ಆಯ್ಕೆಯೇ ಸರಿ.

ನಿಖರತೆ

ಈ ಅಂಶವನ್ನು ಭೂಮಾಪನದ ದತ್ತಾಂಶ ಬಳಸುವವರು ತಪ್ಪದೆ ಗಮನಿಸತಕ್ಕದ್ದು. ಛೇದನ ಘಟಕಗಳು 32 ಬಿಟ್‌ನ ಸಂಖ್ಯೆಗಳಲ್ಲಿ ಲೆಕ್ಕ ಮಾಡುತ್ತವೆ. ಅಂದರೆ ಸುಮಾರು ಏಳು ಅಂಕಿಗಳ ನಿಖರತೆ. ನಕ್ಷೆಗಳಲ್ಲಿ ಬಳಸುವ ಯುಟಿಎಂ ಪದ್ಧತಿಯಲ್ಲಿ ಬೆಂಗಳೂರಿನ ಉತ್ತರ ನಿರ್ದೇಶಾಂಕವು, ಸಮಭಾಜಕದಿಂದ ಅಳೆದಾಗ, 14 ಲಕ್ಷ ಮೀಟರ್‌ಗಿಂತ ಹೆಚ್ಚು. ಅಷ್ಟು ದೊಡ್ಡ ಸಂಖ್ಯೆಯನ್ನು 32 ಬಿಟ್‌ನಲ್ಲಿ ಬರೆದಾಗ ಅಕ್ಕಪಕ್ಕದ ಎರಡು ಸಂಖ್ಯೆಗಳ ನಡುವಿನ ಅಂತರವೇ 12.5 ಸೆಂಟಿಮೀಟರ್ ಆಗಿರುತ್ತದೆ. ಅಂದರೆ ಗೋಡೆಯ ಅಂಚು ಈ ಅಂತರದ ಅರ್ಧದವರೆಗೆ ಆಚೀಚೆ ಸರಿಯಬಹುದು. ಕಂಬಿ, ಕಟಕಟೆಗಳು ಒಂದಕ್ಕೊಂದು ಅಂಟಿಕೊಳ್ಳಬಹುದು. ಕಾರ್ಡು ದೋಷಯುಕ್ತವೆಂದು ಹಿಂದಿರುಗಿಸಿದರೂ ಬದಲಿ ಕಾರ್ಡಿನಲ್ಲಿಯೂ ಅದೇ ಫಲಿತಾಂಶ ಬರುತ್ತದೆ.

ಪರಿಹಾರ ಸುಲಭ. ನಿವೇಶನದ ಒಂದು ಮೂಲೆಯನ್ನು ಸೊನ್ನೆ ಬಿಂದುವೆಂದು ಪರಿಗಣಿಸಿ ಎಲ್ಲ ನಿರ್ದೇಶಾಂಕಗಳಿಂದ ಅದನ್ನು ಕಳೆಯಬೇಕು. ಈ ವ್ಯವಕಲನವನ್ನು 64 ಬಿಟ್‌ನಲ್ಲಿ ಮಾಡಿ, ಅನಂತರವಷ್ಟೇ 32 ಬಿಟ್‌ಗೆ ಪರಿವರ್ತಿಸಬೇಕು. ಆಗ 1 ಕಿಲೋಮೀಟರ್ ವ್ಯಾಪ್ತಿಯೊಳಗೆ ಸಂಖ್ಯೆಗಳ ಅಂತರವು ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆಯಾಗುತ್ತದೆ.

ಮಸೂರ ಹಾಗೂ ದೂರದರ್ಶಕಗಳ ವಿನ್ಯಾಸದಲ್ಲಿ ಮಾತ್ರ ಈ ಉಪಾಯ ಸಾಲದು. ಅಲ್ಲಿ ಬೆಳಕಿನ ಅಲೆಯ ಉದ್ದದ ಒಂದು ಸಣ್ಣ ಭಾಗದಷ್ಟು ನಿಖರತೆ ಬೇಕಾಗುವುದರಿಂದ ಲೆಕ್ಕವನ್ನು 64 ಬಿಟ್‌ನಲ್ಲಿ ನಡೆಸುವುದು ವಾಡಿಕೆ. ಮೇಲಾಗಿ ಮಸೂರದ ಮೇಲ್ಮೈ ವಕ್ರವಾಗಿದ್ದು, ತ್ರಿಭುಜಗಳಿಗೆಂದು ಮಾಡಿದ ಘಟಕಕ್ಕೆ ಅದು ಒಗ್ಗುವುದಿಲ್ಲ. ಆರ್‌ಟಿಎಕ್ಸ್ 4090 ಕಾರ್ಡಿನಲ್ಲಿ 64 ಬಿಟ್ ಲೆಕ್ಕದ ವೇಗವು 32 ಬಿಟ್ ವೇಗದ 64ನೇ ಒಂದು ಭಾಗ ಮಾತ್ರ. ಎ100 ಕಾರ್ಡಿನಲ್ಲಿ ಅರ್ಧದಷ್ಟು. ಹೀಗಾಗಿ ಚಿತ್ರ ರಚನೆಗೆ ಹೊಂದದ ಕಾರ್ಡು ಇಲ್ಲಿ ಹೊಂದುತ್ತದೆ. ಆದರೂ ಸಣ್ಣ ಉದ್ದಿಮೆದಾರರಿಗೆ ಈ ಕೆಲಸಕ್ಕೆ ಉತ್ತಮ ಸಿಪಿಯು ಸಾಕೆಂಬುದು ನಮ್ಮ ಅಭಿಪ್ರಾಯ.

ಸ್ಮರಣೆಯ ಪ್ರಮಾಣ

ದೃಶ್ಯದ ಜಾಲ, ಪೆಟ್ಟಿಗೆಗಳ ಮರ, ಮೇಲ್ಮೈ ಚಿತ್ರಗಳು ಇವೆಲ್ಲವೂ ಕಾರ್ಡಿನ ಸ್ಮರಣೆಯಲ್ಲಿ ಹಿಡಿಸಬೇಕು. 1 ಕೋಟಿ ತ್ರಿಭುಜಗಳ ಜಾಲಕ್ಕೆ ಶೃಂಗಬಿಂದುಗಳು ಹಾಗೂ ಅವುಗಳ ಸೂಚಿ ಸೇರಿ ಸುಮಾರು 180 ಮೆಗಾಬೈಟ್ ಸಾಕಾದರೂ, ಮರಕ್ಕೆ ಅದಕ್ಕಿಂತ ಹೆಚ್ಚು ಸ್ಥಳ ಬೇಕಾಗುವುದುಂಟು; ಮರವನ್ನು ಕಟ್ಟುವ ಸಮಯದಲ್ಲಿ ತಾತ್ಕಾಲಿಕವಾಗಿ ಇನ್ನಷ್ಟು. ಸ್ಮರಣೆ ಸಾಲದಾದರೆ ಕೆಲಸ ನಿಂತೇ ಹೋಗಬಹುದು, ಇಲ್ಲವೇ ಗಣಕಯಂತ್ರದ ಮುಖ್ಯ ಸ್ಮರಣೆಯಿಂದ ತರಿಸಿಕೊಳ್ಳುತ್ತಾ ಕುಂಟಬಹುದು. ವೇಗ ಕಡಿಮೆಯಾದರೆ ಕಾಯಬಹುದು, ಸ್ಥಳವಿಲ್ಲದಿದ್ದರೆ ಕೆಲಸವೇ ಆಗದು. ಆದಕಾರಣ ಸಮಾನ ಬೆಲೆಯ ಎರಡು ಕಾರ್ಡುಗಳ ನಡುವೆ ಆಯ್ಕೆ ಬಂದಾಗ ಹೆಚ್ಚು ಸ್ಮರಣೆಯುಳ್ಳದ್ದನ್ನು ಆರಿಸುವುದು ಲೇಸು.

ಒಂದೇ ಹೆಸರಿನ ಕಾರ್ಡು ಎರಡು ಪ್ರಮಾಣಗಳಲ್ಲಿ ಮಾರಾಟವಾಗುವುದನ್ನೂ ಗಮನಿಸಬೇಕು. 2023ರಲ್ಲಿ ಬಿಡುಗಡೆಯಾದ ಆರ್‌ಟಿಎಕ್ಸ್ 4060 ಟಿಐ ಕಾರ್ಡು 8 ಹಾಗೂ 16 ಗಿಗಾಬೈಟ್‌ಗಳಲ್ಲಿ ದೊರೆಯುತ್ತಿತ್ತು. ಲ್ಯಾಪ್‌ಟಾಪ್‌ಗಳಲ್ಲಿ ಈ ಗೊಂದಲ ಇನ್ನೂ ಹೆಚ್ಚು: ಮೇಜಿನ ಗಣಕಯಂತ್ರದ ಆರ್‌ಟಿಎಕ್ಸ್ 4090ರಲ್ಲಿ 24 ಗಿಗಾಬೈಟ್ ಸ್ಮರಣೆ ಹಾಗೂ 128 ಛೇದನ ಘಟಕಗಳಿದ್ದರೆ, ಅದೇ ಹೆಸರಿನ ಲ್ಯಾಪ್‌ಟಾಪ್ ಆವೃತ್ತಿಯಲ್ಲಿ 16 ಗಿಗಾಬೈಟ್ ಹಾಗೂ 76 ಘಟಕಗಳಿವೆ.

ತಂತ್ರಾಂಶವು ಘಟಕವನ್ನು ಬಳಸುತ್ತದೆಯೇ?

ಘಟಕವಿದ್ದ ಮಾತ್ರಕ್ಕೆ ಅದು ತಾನಾಗಿ ಕೆಲಸ ಮಾಡುವುದಿಲ್ಲ. ಎನ್‌ವಿಡಿಯಾ ಕಾರ್ಡುಗಳಲ್ಲಿ ಅದನ್ನು ಆಪ್ಟಿಎಕ್ಸ್, ವಲ್ಕನ್ ಅಥವಾ ಮೈಕ್ರೋಸಾಫ್ಟ್‌ನ ಡಿಎಕ್ಸ್‌ಆರ್ ಎಂಬ ಮಾರ್ಗಗಳ ಮೂಲಕವೇ ತಲುಪಬೇಕು. ಕೂಡಾ ಭಾಷೆಯಲ್ಲಿ ಸ್ವಂತವಾಗಿ ಬರೆದ ಛೇದನದ ಕಾರ್ಯಕ್ರಮವು ಸಾಮಾನ್ಯ ಲೆಕ್ಕ ಘಟಕಗಳಲ್ಲಿಯೇ ಓಡುತ್ತದೆ. ವಿಶೇಷ ಘಟಕಗಳು ಖಾಲಿ ಕುಳಿತಿರುತ್ತವೆ. ಉಚಿತವಾಗಿ ದೊರೆಯುವ ಬ್ಲೆಂಡರ್ ತಂತ್ರಾಂಶದಲ್ಲಿ ಎನ್‌ವಿಡಿಯಾ ಘಟಕಗಳ ಬಳಕೆ 2019ರ 2.81ನೇ ಆವೃತ್ತಿಯಿಂದ, ಎಎಂಡಿ ಹಾಗೂ ಇಂಟೆಲ್ ಘಟಕಗಳ ಬಳಕೆ 2023ರ 3.6ನೇ ಆವೃತ್ತಿಯಿಂದ ಆರಂಭವಾಯಿತು. ಅದರ ಆಯ್ಕೆಗಳ ಪುಟದಲ್ಲಿ ಕೂಡಾ ಮತ್ತು ಆಪ್ಟಿಎಕ್ಸ್ ಎಂದು ಎರಡು ಸಾಲುಗಳಿರುತ್ತವೆ. ಮೊದಲನೆಯದನ್ನು ಆರಿಸಿದವರು ಹಣ ಕೊಟ್ಟು ಪಡೆದ ಘಟಕವನ್ನು ಬಳಸದೆಯೇ ಕೆಲಸ ಮಾಡುತ್ತಿರುತ್ತಾರೆ. ಈಗಾಗಲೇ ಕಾರ್ಡು ಹೊಂದಿದ್ದು ವೇಗ ಸಾಲದೆನ್ನುವವರು ಹೊಸ ಅರ್ಜಿ ಸಲ್ಲಿಸುವ ಮೊದಲು ಈ ಸಾಲನ್ನು ಪರಿಶೀಲಿಸಿಕೊಳ್ಳುವುದು.

ಖರೀದಿ ಅಥವಾ ಬಾಡಿಗೆ

ಕಾರ್ಡುಳ್ಳ ಗಣಕಯಂತ್ರಗಳು ಅಂತರಜಾಲದ ಮೂಲಕ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ದೊರೆಯುತ್ತವೆ. ಕಾರ್ಡಿನ ಬೆಲೆಯನ್ನು ಗಂಟೆಯ ಬಾಡಿಗೆಯಿಂದ ಭಾಗಿಸಿದರೆ ಎಷ್ಟು ಗಂಟೆಗಳ ಬಳಕೆಯ ನಂತರ ಖರೀದಿ ಲಾಭಕರವೆಂಬುದು ತಿಳಿಯುತ್ತದೆ. ಲೆಕ್ಕದ ಸಲುವಾಗಿ ಬೆಲೆ ರೂ. 60,000 ಹಾಗೂ ಬಾಡಿಗೆ ಗಂಟೆಗೆ ರೂ. 60 ಎಂದಿಟ್ಟುಕೊಂಡರೆ ಅದು 1,000 ಗಂಟೆ. ವರ್ಷಕ್ಕೆ 200 ಗಂಟೆ ಬಳಸುವವರಿಗೆ ಐದು ವರ್ಷ ಬೇಕು. ಅಷ್ಟರೊಳಗೆ ಕಾರ್ಡು ಹಳತಾಗಿರುತ್ತದೆ. ಖರೀದಿಯ ಬದಿಗೆ ವಿದ್ಯುತ್ ಖರ್ಚನ್ನೂ ಸೇರಿಸಬೇಕು. 450 ವ್ಯಾಟ್‌ನ ಕಾರ್ಡು ದಿನಕ್ಕೆ 10 ಗಂಟೆಯಂತೆ ತಿಂಗಳಲ್ಲಿ 25 ದಿನ ಪೂರ್ಣ ಹೊರೆಯಲ್ಲಿ ಓಡಿದರೆ ಕಾರ್ಡೊಂದಕ್ಕೇ 112.5 ಯೂನಿಟ್ ಆಗುತ್ತದೆ. ಬಾಡಿಗೆಯ ಬದಿಗೆ ಕಡತಗಳನ್ನು ಕಳುಹಿಸಿ ತರಿಸಿಕೊಳ್ಳುವ ಸಮಯವನ್ನು ಸೇರಿಸಬೇಕು. ಅಂತರಜಾಲ ನಿಧಾನವಿರುವ ಊರುಗಳಲ್ಲಿ ಇದು ಸಣ್ಣ ವಿಷಯವಲ್ಲ.

ದರಪಟ್ಟಿ ಪಡೆಯುವಾಗ

ಮೊದಲು ತಮ್ಮದೇ ಕೆಲಸದ ಒಂದು ಮಾದರಿ ಕಡತವನ್ನು ಸಿದ್ಧಪಡಿಸಿಕೊಂಡು, ಒಂದೆರಡು ಗಂಟೆ ಬಾಡಿಗೆ ಯಂತ್ರದಲ್ಲಿ ಅಥವಾ ಪರಿಚಯಸ್ಥರ ಯಂತ್ರದಲ್ಲಿ ಓಡಿಸಿ ಸಮಯವನ್ನು ಬರೆದಿಟ್ಟುಕೊಳ್ಳಬೇಕು. ಮಾರಾಟಗಾರರು ತೋರಿಸುವ ಆಟದ ದೃಶ್ಯಗಳಿಂದ ಈ ಉದ್ದೇಶ ಈಡೇರುವುದಿಲ್ಲ. ದರಪಟ್ಟಿಯಲ್ಲಿ ಗ್ರಾಫಿಕ್ಸ್ ಕಾರ್ಡ್ ಎಂದಷ್ಟೇ ಬರೆದಿದ್ದರೆ ಒಪ್ಪಿಕೊಳ್ಳದೆ, ಪೂರ್ಣ ಮಾದರಿ ಸಂಖ್ಯೆ, ಸ್ಮರಣೆಯ ಪ್ರಮಾಣ, ಮೇಜಿನದೋ ಲ್ಯಾಪ್‌ಟಾಪಿನದೋ ಎಂಬ ವಿವರ, ವಿದ್ಯುತ್ ಪೂರೈಕೆ ಘಟಕದ ವ್ಯಾಟ್ ಪ್ರಮಾಣ, ಖಾತರಿಯ ಅವಧಿ ಹಾಗೂ ಜಿಎಸ್‌ಟಿ ಮೊತ್ತವನ್ನು ಪ್ರತ್ಯೇಕವಾಗಿ ಬರೆಸಿಕೊಳ್ಳತಕ್ಕದ್ದು. ಸರಕು ಬಂದಾಗ ಪೆಟ್ಟಿಗೆಯ ಮೇಲಿನ ಮಾದರಿ ಸಂಖ್ಯೆಯನ್ನು ದರಪಟ್ಟಿಯೊಂದಿಗೆ ತಾಳೆ ನೋಡಿದ ನಂತರವೇ ಸ್ವೀಕೃತಿಗೆ ಸಹಿ ಹಾಕುವುದು.

ಎರಡು ಕಾರ್ಡುಗಳನ್ನು ಹಾಕಿದರೆ ಸ್ಮರಣೆ ಇಮ್ಮಡಿಯಾಗುವುದೇ ಎಂಬ ಪ್ರಶ್ನೆ ಸಹಜ. ಸಾಮಾನ್ಯವಾಗಿ ಆಗುವುದಿಲ್ಲ. ಪ್ರತಿ ಕಾರ್ಡಿನಲ್ಲಿಯೂ ಇಡೀ ದೃಶ್ಯದ ಪ್ರತಿ ಇರಬೇಕಾಗುತ್ತದೆ. ವೇಗ ಮಾತ್ರ ಹೆಚ್ಚುತ್ತದೆ. ಆರ್‌ಟಿಎಕ್ಸ್ 3090ರಲ್ಲಿ ಎರಡು ಕಾರ್ಡುಗಳ ಸ್ಮರಣೆಯನ್ನು ಜೋಡಿಸುವ ಎನ್‌ವಿಲಿಂಕ್ ಸೌಲಭ್ಯವಿತ್ತು. 4090ರಲ್ಲಿ ಅದನ್ನು ಕೈಬಿಡಲಾಗಿದೆ. 8 ಗಿಗಾಬೈಟ್‌ನ ಎರಡು ಕಾರ್ಡುಗಳಿಗೆ ದರಪಟ್ಟಿ ಪಡೆದಿರುವವರು ಅದನ್ನು 16 ಗಿಗಾಬೈಟ್‌ನ ಒಂದು ಕಾರ್ಡಿಗೆ ಬದಲಾಯಿಸಿಕೊಳ್ಳಲು ಮಾರಾಟಗಾರರನ್ನು ಕೋರಬಹುದು.